ಫಿನಾಯಿಲ್‌ಗೆ ಬಗ್ಗದ ವಾಸನೆ

ಮಂಡ್ಯ ಕಡೆಯವರ ಮೂಗಿಗೆ ವಾಸನೆ ಹೊಸದೇನಲ್ಲ. ಆಲೆಮನೆಯಲ್ಲಿ ಬೆಲ್ಲ ಕುದಿಯುವ ಘಮ, ಗದ್ದೆಗೆ ಗೊಬ್ಬರ ಹೊಡೆದ ದಿನದ ಗಾಳಿ, ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆ ಕಡೆಯಿಂದ ಬರುವ ಕಾಕಂಬಿಯ ಹುಳಿ ನಾತ, ಎಲ್ಲಕ್ಕೂ ನಾವು ಒಗ್ಗಿಕೊಂಡವರು. ಎಲ್ಲಿಂದ ಬರ್ತಿದೆ ಅಂತ ಗೊತ್ತಿರೋ ವಾಸನೆಗೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಕಾಡೋದು ಮೂಲ ಗೊತ್ತಿಲ್ಲದ ವಾಸನೆ.

ಮಳವಳ್ಳಿಯ ನಮ್ಮ ಮನೆಗೆ ಅಂಥದ್ದೊಂದು ಸೇರಿಕೊಂಡಿತ್ತು. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅವ್ವ ಒಬ್ಬಳೇ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ. ಬಿಡುವಾದ ಶನಿವಾರ ಮದ್ದೂರಲ್ಲಿ ತಿರುಗಿ, ಕೆ.ಎಂ. ದೊಡ್ಡಿ ಮೇಲೆ ಊರು ಸೇರ್ತೀನಿ. ಹಾಗೆ ಹೋದಾಗ ಒಂದು ವಿಷಯ ಗಮನಿಸಿದೆ. ಯಾರೇ ಬಂದರೂ ಅವ್ವ ಜಗಲಿಯಲ್ಲೇ ಕೂರಿಸಿ, ಕಾಫಿ ಅಲ್ಲಿಗೇ ತಂದುಕೊಡುತ್ತಿದ್ದಳು. ಬಂದವರನ್ನೆಲ್ಲ ಅಡುಗೆಮನೆವರೆಗೂ ಕರೆದೊಯ್ದು ಮಾತಾಡಿಸುತ್ತಿದ್ದವಳು ಅವಳು. ಯಾಕವ್ವ ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಒಳಗೆ ಗಬ್ಬು ವಾಸ್ನೆ ಕಣ್ಲ ಮಗ. ದಿನಾ ಫಿನಾಯಿಲ್ ಹಾಕ್ತೀನಿ, ಸಾಂಬ್ರಾಣಿ ಹಾಕ್ತೀನಿ, ಹೋಗಕಿಲ್ಲ. ವಯಸ್ಸಾಯ್ತಲ್ಲ, ನನ್ನ ಮೈಯಿಂದ್ಲೇ ಬತ್ತದೇನೋ ಅನ್ನಿಸ್ತದೆ."

ಆ ಮಾತು ಕೇಳಿದ ಮೇಲೆ ಅದು ಬರೀ ಪ್ಲಂಬಿಂಗ್ ಸಮಸ್ಯೆಯಾಗಿ ಉಳಿಯಲಿಲ್ಲ.

ಅವ್ವ ಅಷ್ಟರಲ್ಲೇ ಒಬ್ಬರನ್ನು ಕರೆಸಿ ಕೇಳಿದ್ದಳಂತೆ. ಪಿಟ್ ತುಂಬಿರಬೇಕು, ಒಬ್ಬ ಹುಡುಗನ್ನ ಒಳಗಿಳಿಸಿ ನೋಡಿಸ್ತೀನಿ ಅಂದರಂತೆ ಅವರು. ನಾನು ಫೋನ್ ಮಾಡಿ ಬೇಡವೇ ಬೇಡ ಅಂದೆ. ಮನುಷ್ಯರನ್ನು ಪಿಟ್‌ಗೆ ಹಾಗೆ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಅಪಾಯ ಅಪಾಯವೇ. ಗಾಳಿಯಾಡದ ಕೊಳಕಿನಲ್ಲಿ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನ್ನೋ ಅನಿಲ ಹುಟ್ಟಿಸುತ್ತವೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆ ವಾಸನೆ. ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸುಮಾರು 100 ಭಾಗ ದಾಟಿದರೆ ಮೂಗೇ ಸೋತುಹೋಗುತ್ತೆ, ವಾಸನೆ ಗೊತ್ತಾಗೋದೇ ಇಲ್ಲ. ಅಲ್ಲಿಂದ ಮುಂದೆ ಪ್ರಾಣಕ್ಕೇ ಕುತ್ತು. ಪಿಟ್ ನಿಜವಾಗಿ ತುಂಬಿದ್ದರೆ ಪೈಪ್ ಹಾಕಿ ಎಳೆಯೋ ಟ್ಯಾಂಕರ್ ಬರುತ್ತೆ, ಅದನ್ನೇ ಕರೆಸಬೇಕು.

ಆಫೀಸಿನಲ್ಲಿ ಯಾವುದಾದರೂ ಬಗ್ ಆಗಾಗ ಮಾತ್ರ ಕಾಣಿಸಿಕೊಂಡರೆ ನಾವು ಮೊದಲು ಕೋಡ್ ಮುಟ್ಟಲ್ಲ, ಲಾಗ್ ನೋಡ್ತೀವಿ. ಇಲ್ಲೂ ಅದನ್ನೇ ಮಾಡಿದೆ. "ಫಿನಾಯಿಲ್ ನಿಲ್ಲಿಸವ್ವ. ವಾಸನೆ ಬಂದಾಗೆಲ್ಲ ಕ್ಯಾಲೆಂಡರ್‌ನಲ್ಲಿ ಗುರುತು ಹಾಕು, ಯಾವ ರೂಮು ಅಂತಾನೂ ಬರಿ" ಅಂದೆ. ಎರಡು ವಾರಕ್ಕೆ ಚಿತ್ರ ಸಿಕ್ಕಿತು. ಮಹಡಿ ಮೆಟ್ಟಿಲ ಹತ್ತಿರ ಸಣ್ಣಗೆ ಯಾವಾಗಲೂ ವಾಸನೆ. ಕೆಳಗಿನ ಬಚ್ಚಲಲ್ಲಿ ಬಟ್ಟೆ ಒಗೆದ ದಿನ ಮಾತ್ರ, ಅದೂ ಜೋರಾಗಿ.

ಮೆಟ್ಟಿಲಿನ ಒಗಟು ಬೇಗ ಬಿಡಿಸಿತು. ಅಕ್ಕನಿಗೆ ಮದುವೆಯಾದ ಮೇಲೆ ಮಹಡಿ ಬಚ್ಚಲು ಮುಚ್ಚೇ ಇತ್ತು. ಬಚ್ಚಲ ಜಾಲಿಯ ಕೆಳಗಿರೋ ಟ್ರ್ಯಾಪ್‌ನಲ್ಲಿ ಸುಮಾರು 50 ಮಿ.ಮೀ. ನೀರು ನಿಂತಿರಬೇಕು. ಪಿಟ್‌ನ ಗಾಳಿ ಮನೆಯೊಳಗೆ ಬರದಂತೆ ತಡೆಯೋದು ಆ ನೀರೇ. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ 1775ರಲ್ಲೇ ಬಾಗಿದ ಪೈಪಿನ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಬಳಸದೆ ಬಿಟ್ಟರೆ, ಅದರಲ್ಲೂ ನಮ್ಮ ಬೇಸಿಗೆಯಲ್ಲಿ, ನೀರು ಆರಿಹೋಗುತ್ತೆ. ಎರಡು ಚೊಂಬು ನೀರು ಸುರಿದೆ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟೆ. ಎಣ್ಣೆಯ ಪದರ ಇದ್ದರೆ ನೀರು ಬೇಗ ಆರಲ್ಲ. ಸಂಜೆ ಹೊತ್ತಿಗೆ ಮೆಟ್ಟಿಲ ಹತ್ತಿರ ಏನೂ ಇರಲಿಲ್ಲ.

ಒಗೆಯೋ ದಿನದ ವಾಸನೆ ಉಳಿಯಿತು. ವಾಷಿಂಗ್ ಮೆಷಿನ್ ಪೈಪ್ ಮೇಲೆ ನನಗೆ ಅನುಮಾನ. ಹಾಯಿದೋಣಿಗಳಲ್ಲಿ ದಿನಗಟ್ಟಲೆ ಇರೋರಿಗೂ ಇದೇ ತಲೆನೋವು. ಅವರದ್ದೊಂದು ಉಪಾಯವಿದೆ: ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನ ಪೈಪಿಗೆ ಸುತ್ತಬೇಕು, ಆರಿದ ಮೇಲೆ ಬಟ್ಟೆಯನ್ನ ಮೂಸಬೇಕು. ಬಟ್ಟೆ ನಾರಿದರೆ ಪೈಪೇ ವಾಸನೆ ಹೀರಿಕೊಂಡಿದೆ ಅಂತ ಅರ್ಥ. ನಮ್ಮ ಪೈಪು ಪಾಸಾಯಿತು.

ಹಾಗಾದರೆ ಇನ್ನೇನು? ಮೆಷಿನ್ ಹಾಕಿಸಿ ಬಚ್ಚಲಲ್ಲೇ ನಿಂತೆ. ಅದು ನೀರು ಹೊರಹಾಕಿದ ತಕ್ಷಣ ಜಾಲಿಯಿಂದ ಗುಳುಗುಳು ಸದ್ದು, ಹಿಂದೆಯೇ ನಾತ. ಒಮ್ಮೆಗೇ ನುಗ್ಗಿದ ನೀರು ಪೈಪಿನ ಗಾಳಿಯನ್ನ ತಳ್ಳುತ್ತೆ. ಆ ಗಾಳಿ ಏರ್ ಪೈಪಿನಿಂದ ಆಕಾಶಕ್ಕೆ ಹೋಗಬೇಕು. ದಾರಿ ಸಿಗದಿದ್ದರೆ ಟ್ರ್ಯಾಪಿನ ನೀರನ್ನು ಸೀಳಿಕೊಂಡು ಮನೆಯೊಳಗೇ ಬರುತ್ತೆ. ಪ್ಲಂಬರ್ ಅಣ್ಣನ ಜೊತೆ ತಾರಸಿ ಹತ್ತಿ ನೋಡಿದರೆ ಏರ್ ಪೈಪಿನ ಟೋಪಿ ಯಾವಾಗಲೋ ಹಾರಿಹೋಗಿದೆ, ಬಾಯಿ ತುಂಬ ಒಣಹುಲ್ಲು, ದಾರ, ಪ್ಲಾಸ್ಟಿಕ್ ಚೂರು. ಯಾವುದೋ ಹಕ್ಕಿ ಬಿಟ್ಟುಹೋದ ಹಳೇ ಗೂಡು! ಅವರು ಅದನ್ನ ಎಳೆದು ತೆಗೆದರು. ಮಂಡ್ಯದಿಂದ ತಂದಿದ್ದ, ಬಲೆ ಇರೋ ಹೊಸ ಟೋಪಿ ಕೂರಿಸಿದರು. ಮತ್ತೆ ಮೆಷಿನ್ ಹಾಕಿದೆವು. ಸದ್ದೂ ಇಲ್ಲ, ನಾತವೂ ಇಲ್ಲ.

ಅವ್ವ ಬಚ್ಚಲ ಬಾಗಿಲಲ್ಲಿ ನಿಂತು ಎರಡು ಸಲ ಮೂಸಿ ನೋಡಿದಳು. "ಅಂಗಾದ್ರೆ ಅಕ್ಕಿ ಮಾಡಿದ್ದಾ ಇದು?" ಅಂತ ಜೋರಾಗಿ ನಕ್ಕಳು. ತಿಂಗಳುಗಟ್ಟಲೆ ಆ ನಗು ಕೇಳಿರಲಿಲ್ಲ ನಾನು.

ನನಗೆ ಅರ್ಥವಾಗಿದ್ದಿಷ್ಟು. ಘಮ ಹಚ್ಚಿ ಮುಚ್ಚಿದ ವಾಸನೆ ಹೋಗಲ್ಲ, ಮುಚ್ಚೋರನ್ನೇ ಒಳಗೊಳಗೆ ಕುಗ್ಗಿಸುತ್ತೆ. ನೀವೂ ಊರಿನ ಮನೆಗೆ ಹೋದಾಗ ಬಳಸದ ಬಚ್ಚಲು, ಸಿಂಕುಗಳಿಗೆ ನೀರು ಸುರಿಯಿರಿ. ಏರ್ ಪೈಪಿನ ಟೋಪಿ ಇದೆಯಾ ನೋಡಿಸಿ. ಅಪ್ಪ ಅಮ್ಮ ಜಗಲಿ ದಾಟಿ ಯಾರನ್ನೂ ಒಳಗೆ ಕರೀತಿಲ್ಲ ಅಂದ್ರೆ ಯಾಕೆ ಅಂತ ಕೇಳಿ.

ಹೋದ ವಾರ ಮದ್ದೂರಿನ ಚಿಕ್ಕವ್ವ ತಮ್ಮನೆ ಬಚ್ಚಲು ನಾರ್ತದೆ ಅಂತ ಫೋನ್ ಮಾಡಿದ್ದರು. ನಾನು ಬಾಯಿ ತೆಗೆಯೋ ಮೊದಲೇ ಅವ್ವ ಶುರು ಮಾಡಿದಳು: "ಫಿನಾಯಿಲ್ ಬುಟ್ಟಾಕು. ಮೊದ್ಲು ಒಂದು ಚೊಂಬು ನೀರು ಸುರಿ, ಆಮೇಲೆ ಕ್ಯಾಲೆಂಡರ್ ತಗೋ."