ಹಾಳೆಯ ದೊನ್ನೆ

ಮನುಷ್ಯನ ಮೊದಲ ಪಾತ್ರೆ ಯಾವುದು? ಬಹುಶಃ ಅವನ ಬೊಗಸೆಯೇ ಇರಬೇಕು. ಹರಿಯುವ ನೀರಿಗೆ ಎರಡು ಕೈಗಳನ್ನು ಜೋಡಿಸಿ ಒಡ್ಡಿದರೆ ನಮ್ಮ ಬಾಯಾರಿಕೆ ತೀರುತ್ತದೆ. ಆದರೆ ಬೊಗಸೆಯಲ್ಲಿ ನೀರು ಹಿಡಿದು ಬಹುದೂರ ನಡೆಯಲಾಗದು. ಮನೆಯಲ್ಲಿ ಮಲಗಿರುವ ಮುದುಕಿಗೋ ಮಗುವಿಗೋ ಒಂದು ಗುಟುಕು ನೀರನ್ನು ಒಯ್ಯಬೇಕಾದರೆ ಬೇರೊಂದು ಸಾಧನ ಬೇಕು. ಪಾತ್ರೆಯ ಹುಟ್ಟಿಗೆ ತನ್ನ ಬಾಯಾರಿಕೆಗಿಂತ ಪರರ ಬಾಯಾರಿಕೆಯೇ ಕಾರಣವಾಗಿರಬೇಕೆಂದು ನನಗೆ ಅನೇಕ ಸಲ ತೋರಿದೆ.

ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರವೆಂಬ ಹಳ್ಳಿಯಿದೆ. 1997ರಿಂದ ಕೆಲವು ವರ್ಷ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಮತ್ತು ಅವರ ಸಂಗಡಿಗರು ಅಲ್ಲಿ ಉತ್ಖನನ ನಡೆಸಿದರು. ಆದಿಮಾನವರು ತಕ್ಕ ಗಾತ್ರದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಆಯ್ದು, ಗಟ್ಟಿ ಕಲ್ಲಿನಿಂದ ಅಂಚನ್ನು ಹೊಡೆದು, ಚಕ್ಕೆಗಳನ್ನು ಎಬ್ಬಿಸಿ ಮಾಡಿದ ಕೈಗೊಡಲಿಗಳು ಅಲ್ಲಿ ದೊರೆತವು. ಅವು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯವೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಆ ಜನರು ಎಲೆಯಲ್ಲಿ ನೀರು ಮೊಗೆದಿರಲಾರರೆ? ತೊಗಟೆಯಲ್ಲಿ ಹಣ್ಣು ಕಟ್ಟಿ ಒಯ್ದಿರಲಾರರೆ? ಆದರೆ ಎಲೆಯೂ ತೊಗಟೆಯೂ ಮಣ್ಣಿನಲ್ಲಿ ಮಣ್ಣಾಗುತ್ತವೆ. ಕಲ್ಲು ಮಾತ್ರ ಉಳಿದು ಸಾಕ್ಷಿ ನುಡಿಯುತ್ತದೆ.

ಹಾಗಾದರೆ ಎಲೆಯ ವಿದ್ಯೆ ನಮ್ಮವರೆಗೆ ಬಂದುದು ಹೇಗೆ? ಕೈಯಿಂದ ಕೈಗೆ ದಾಟಿ ಬಂತು. ಹಾಗೆ ದಾಟುವ ಬಗೆಯನ್ನು ನಾನು ಮಲೆನಾಡಿನ ಅಡಿಕೆ ತೋಟದಲ್ಲಿ ಕಣ್ಣಾರೆ ಕಂಡಿದ್ದೇನೆ. ಅಡಿಕೆಯ ಮರದಿಂದ ಸೋಗೆ ಕಳಚಿ ಬಿದ್ದಾಗ, ಅದರ ಬುಡದಲ್ಲಿ ಮರವನ್ನು ಅಪ್ಪಿಕೊಂಡಿದ್ದ ಅಗಲವಾದ ಭಾಗವೇ ಹಾಳೆ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಅಜ್ಜನೊಬ್ಬನು ಬೇಸಗೆಯ ಒಂದು ಮಧ್ಯಾಹ್ನ ಒಣಗಿದ ಹಾಳೆಯೊಂದನ್ನು ಎತ್ತಿಕೊಂಡು ತೋಡಿನ ನೀರಿನಲ್ಲಿ ಮುಳುಗಿಸಿ, ಅದರ ಮೇಲೊಂದು ಕಲ್ಲನ್ನು ಹೇರಿದನು. ಬಾಯಾರಿದ್ದ ನಾವು ಹುಡುಗರು ಅವಸರಪಡಿಸಿದೆವು. "ಒಣಹಾಳೆ ಮಡಚಿದರೆ ಸೀಳ್ತದೆ, ಮಗಾ. ಅದು ಬಾಗುವವರೆಗೂ ನಾವು ಕಾಯಬೇಕು" ಎಂದನು.

ಹಾಳೆ ಮೆತ್ತಗಾದ ಮೇಲೆ ಅದರ ನುಣುಪಾದ ಮೈಯನ್ನು ಒಳಗೆ ಮಾಡಿ, ಎರಡು ತುದಿಗಳನ್ನೂ ನೆರಿಗೆ ಹಿಡಿದು ಮೇಲಕ್ಕೆ ಮಡಚಿದನು. ಬಿದಿರಿನ ಚೂಪಾದ ಕಡ್ಡಿಯನ್ನು ನೆರಿಗೆಗಳಿಗೆ ಚುಚ್ಚಿದನು. ನೀರು ಸೋರದಂತೆ ಕಡ್ಡಿ ಅಂಚಿನ ಸಮೀಪದಲ್ಲಿಯೇ ಇರಬೇಕು. ಅಷ್ಟಕ್ಕೆ ದೊನ್ನೆ ಸಿದ್ಧವಾಯಿತು. ಬಂಡೆಯ ಸಂದಿನಿಂದ ಜಿನುಗುತ್ತಿದ್ದ ಒರತೆಗೆ ಅದನ್ನು ಒಡ್ಡಿ ಎಲ್ಲರಿಗೂ ಕುಡಿಸಿ, ತಾನು ಕೊನೆಯಲ್ಲಿ ಕುಡಿದನು. ಆಮೇಲೆ ದೊನ್ನೆಯನ್ನು ಎಸೆಯದೆ ಒರತೆಯ ಪಕ್ಕದ ಕಲ್ಲಿನ ಮೇಲೆ ಮಗುಚಿ ಇಟ್ಟು, "ನಾಳೆ ಯಾರಿಗಾದರೂ ಬೇಕಾಗ್ತದೆ" ಎಂದನು.

ಒಂದೊಂದು ವಸ್ತುವಿಗೂ ಒಂದೊಂದು ಸ್ವಭಾವ. ಬಿದಿರಿನ ಗಿಣ್ಣುಗಳ ನಡುವಿನ ಕೊಳವೆ ಟೊಳ್ಳು. ಗಿಣ್ಣಿನಲ್ಲಿ ಮಾತ್ರ ಅಡ್ಡಗೋಡೆಯಿದೆ. ಗಿಣ್ಣಿನ ಕೆಳಗೊಮ್ಮೆ ಕತ್ತರಿಸಿದರೆ ಪ್ರಕೃತಿಯೇ ತಳ ಹಾಕಿಕೊಟ್ಟ ಅಂಡೆಯಾಯಿತು. ಅದರ ಬಾಯನ್ನು ಓರೆಯಾಗಿ ಕೊಯ್ದರೆ ದನಗಳಿಗೆ ಔಷಧ ಕುಡಿಸುವ ಗೊಟ್ಟವಾಯಿತು. ಆದರೆ ಎಳೆಯ ಬಿದಿರು ಒಣಗುವಾಗ ಸುಕ್ಕುಗಟ್ಟಿ ಸೀಳುತ್ತದೆ. ಬೆಳೆದ ಬಿದಿರಿನಲ್ಲಿಯೂ ಪಿಷ್ಟ ಉಳಿದಿದ್ದರೆ ಅದರ ಆಸೆಗೆ ಕೊರೆಯುವ ಹುಳು ಬರುತ್ತದೆ. ಆದುದರಿಂದಲೇ ತಿಳಿದವರು ಬೆಳೆದ ಬಿದಿರನ್ನು ಆಯ್ದು ಕಡಿದು, ಕೆಲವು ವಾರ ನೀರಿನಲ್ಲಿ ನೆನೆಹಾಕುತ್ತಾರೆ. ಸೋರೆಯ ಬುರುಡೆಗೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಕಾಯಿ ಬಲಿತು ಒಣಗಬೇಕು. ಕತ್ತಿನಲ್ಲಿ ತೂತು ಕೊರೆದು ನೀರು ತುಂಬಿ, ತಿರುಳು ಕೊಳೆಯಲು ಬಿಡಬೇಕು. ಬಳಿಕ ಮರಳು, ಸಣ್ಣ ಕಲ್ಲುಗಳನ್ನು ಹಾಕಿ ಕುಲುಕಿ ಒಳಗನ್ನು ತೊಳೆಯಬೇಕು. ಹೀಗೆ ಹದಗೊಂಡ ಬುರುಡೆ ನೀರನ್ನೂ ಬಿತ್ತನೆಯ ಬೀಜವನ್ನೂ ಕಾಪಾಡಿತು. ಕಿನ್ನರಿಯ ತಂತಿಯ ನಾದಕ್ಕೂ ಮನೆಯಾಯಿತು.

ಇವುಗಳಲ್ಲಿ ಯಾವುದೂ ಚಿರಕಾಲ ಬಾಳುವುದಿಲ್ಲ. ದೊನ್ನೆಯ ಆಯುಸ್ಸು ಕೆಲವು ದಿನ, ಬುರುಡೆಯದು ಕೆಲವು ವರ್ಷ. ಇದು ಅವುಗಳ ದೋಷವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ದೊನ್ನೆ ಹಾಳಾಗುತ್ತಿದ್ದುದರಿಂದಲೇ ಹೊಸ ದೊನ್ನೆಯನ್ನು ಮಾಡಬೇಕಾಗುತ್ತಿತ್ತು. ಮಾಡುವಾಗ ಪಕ್ಕದಲ್ಲಿ ಕುಳಿತ ಮಗು ನೋಡಿ ಕಲಿಯುತ್ತಿತ್ತು. ಹೀಗೆ ಬೇಗ ಅಳಿಯುವ ಪಾತ್ರೆ ತನ್ನ ವಿದ್ಯೆಯನ್ನು ಅಳಿಯಗೊಡಲಿಲ್ಲ. ಪ್ಲಾಸ್ಟಿಕ್ಕಿನ ಲೋಟದ ಸಂಗತಿ ಬೇರೆ. ಲೋಟ ನಮ್ಮೊಡನೆ ಬಹುಕಾಲ ಉಳಿಯುತ್ತದೆ, ಅದನ್ನು ಮಾಡುವ ಬಗೆ ನಮ್ಮಲ್ಲಿ ಯಾರಿಗೂ ತಿಳಿಯದು. ಇಂದು ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ, ಬಟ್ಟಲುಗಳನ್ನು ಮಾಡುವ ಯಂತ್ರಗಳು ಬಂದಿವೆ. ಅದು ಸಂತೋಷದ ಸಂಗತಿಯೇ. ಆದರೆ ಯಂತ್ರವಿಲ್ಲದ ಕಡೆ, ಕಾಡಿನ ದಾರಿಯಲ್ಲಿ, ಬಾಯಾರಿದವನ ಪಕ್ಕದಲ್ಲಿ ನಿಂತಾಗ ಬೇಕಾಗುವುದು ಕೈಯ ವಿದ್ಯೆ.

ಆ ವಿದ್ಯೆಯುಳ್ಳ ಹಿರಿಯರು ಈಗಲೂ ಹಲವು ಊರುಗಳಲ್ಲಿದ್ದಾರೆ. ಅವರು ಅದನ್ನು ಪುಸ್ತಕದಲ್ಲಿ ಬರೆದಿಟ್ಟಿಲ್ಲ. ಕೇಳಿದವರಿಗೆ ಇಲ್ಲವೆನ್ನುವವರೂ ಅಲ್ಲ. ಒಬ್ಬ ಹಿರಿಯರು ಕಣ್ಮುಚ್ಚಿದರೆ, ಅವರೊಂದಿಗೆ ಹೋದ ಕೈಚಳಕವನ್ನು ಯಾವ ಉತ್ಖನನವೂ ಮರಳಿ ತಂದುಕೊಡಲಾರದು. ಅವರ ಬಳಿ ಕುಳಿತು ಹಾಳೆ ಬಾಗುವವರೆಗೆ ಕಾಯುವ ವ್ಯವಧಾನ ಎಳೆಯರಿಗೆ ಬರಬೇಕು.