ದುರ್ಗಾಸ್ತಮಾನವನ್ನು ಓದಿ ಮುಗಿಸಿದ ಮೇಲೆ

ತ.ರಾ.ಸು. ಅವರು ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ಬರೆದ ಕಾದಂಬರಿಗಳು ಎಂಟು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹೊರಟು ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ಗಳನ್ನು ಹಾದು ‘ದುರ್ಗಾಸ್ತಮಾನ’ಕ್ಕೆ ಬಂದು ನಿಲ್ಲುವ ದೀರ್ಘ ಪಯಣವದು. ಮೊದಲ ಏಳನ್ನು ಎಷ್ಟು ಸಲ ಓದಿರುವೆನೋ ಲೆಕ್ಕವಿಲ್ಲ. ಎಂಟನೆಯದನ್ನು ಮಾತ್ರ ಕಳೆದ ವಾರವಷ್ಟೇ ಮುಗಿಸಿದೆ. ಇತಿಹಾಸ ಹೇಳಿಕೊಟ್ಟ ಮೇಷ್ಟರು ಹೀಗೇಕೆ ಮಾಡಿದರೆಂದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣ ನಮ್ಮ ಅಕ್ಕ. ನಿಮ್ಮಲ್ಲಿ ಕೆಲವರಿಗೆ ದೊಡ್ಡಮ್ಮ.

ಈ ಪುಸ್ತಕಗಳ ರುಚಿ ಹತ್ತಿಸಿದವಳೇ ಅವಳು. ವಾಚನಾಲಯದಿಂದ ಹೊತ್ತು ತರುವ ಕೆಲಸ ನನ್ನದು, ಮೊದಲು ಓದುವ ಹಕ್ಕು ಅವಳದು. ಒಲೆಯ ಮುಂದೆ ಕುಳಿತು ದಳವಾಯಿ ಮುದ್ದಣ್ಣನನ್ನು ಪಕ್ಕದ ಮನೆಯವನೋ ಎಂಬಂತೆ ಬಯ್ಯುತ್ತಿದ್ದಳು. ಆದರೆ ಕೊನೆಯ ಸಂಪುಟದ ಹೆಸರು ಕೇಳಿಯೇ ಬೇಡವೆಂದುಬಿಟ್ಟಳು. “ಓದದೆ ಇದ್ದರೆ ನನ್ನ ಪಾಲಿಗೆ ದುರ್ಗ ನಿಂತೇ ಇರುತ್ತೆ. ನೀನೂ ಓದಬೇಡ ಕಣೋ” ಎಂದಳು. ತ.ರಾ.ಸು. 1984ರಲ್ಲಿ ತೀರಿಕೊಂಡರು. ಮರುವರ್ಷ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಾಗ ನಾನೊಂದು ಪ್ರತಿಯನ್ನು ಕೊಂಡು ತಂದೆ. ಅಕ್ಕನ ಮನಸ್ಸು ಬದಲಾಗಲಿಲ್ಲ. ಪುಸ್ತಕ ಕಪಾಟಿನಲ್ಲೇ ಉಳಿಯಿತು.

ಕಳೆದ ವರ್ಷ ಅಕ್ಕ ಹೋದಳು. ಅವಳ ವರ್ಷಾಬ್ದಿಕ ಮುಗಿದ ಮೇಲೆ ಆ ಪುಸ್ತಕವನ್ನು ಕೈಗೆತ್ತಿಕೊಂಡೆ.

1779ರಲ್ಲಿ ಹೈದರ್ ಅಲಿಯು ಚಿತ್ರದುರ್ಗವನ್ನು ವಶಪಡಿಸಿಕೊಂಡನು. ತರಗತಿಯಲ್ಲಿ ಈ ವಾಕ್ಯವನ್ನು ದಾಟಲು ಅರ್ಧ ನಿಮಿಷ ಸಾಕಾಗುತ್ತಿತ್ತು. ಕಾದಂಬರಿಯಲ್ಲಿ ಇದನ್ನೇ ದಾಟಲು ನನಗೆ ಮೂರು ವಾರ ಬೇಕಾಯಿತು. ಎಳೆಯ ವಯಸ್ಸಿನಲ್ಲಿ ಪಟ್ಟವೇರಿದ ಮದಕರಿನಾಯಕ, ಒಂದು ಕಾಲಕ್ಕೆ ಹೈದರನ ಪಕ್ಷದಲ್ಲೇ ನಿಂತು ಕಾದಿದವನು. ಅದೇ ಹೈದರನು ಏಳು ಸುತ್ತಿನ ಕೋಟೆಯ ಹೊರಗೆ ಬಂದು ನಿಲ್ಲುವನೆಂದು ಓದುಗನಿಗೆ ಮೊದಲೇ ಗೊತ್ತು. ಗೊತ್ತಿದ್ದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ. ದಿನಕ್ಕೆ ಇಪ್ಪತ್ತು ಪುಟ ಓದುತ್ತಿದ್ದವನು ಹತ್ತಕ್ಕೆ ಇಳಿದೆ, ಕಡೆಗೆ ಎರಡಕ್ಕೆ ಬಂದೆ. ಅಕ್ಕನ ಹಠದ ಅರ್ಥ ನನಗೆ ಆಗ ತಿಳಿಯಿತು.

ಮುಗಿಸಿದ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಈ ಕೋಟೆಯನ್ನು ನನ್ನಷ್ಟೇ ಬಲ್ಲವಳು ಅವಳೊಬ್ಬಳೇ ಆಗಿದ್ದಳು. ಅದು ಬಿದ್ದ ಸುದ್ದಿಯನ್ನು ಹೇಳಿಕೊಳ್ಳಲು ಅವಳಿರಲಿಲ್ಲ. ಇದ್ದಿದ್ದರೂ ಕಿವಿ ಮುಚ್ಚಿಕೊಳ್ಳುತ್ತಿದ್ದಳೆಂಬುದು ಬೇರೆ ಮಾತು.

ಮರುದಿನ ಬೆಳಿಗ್ಗೆ ‘ಕಂಬನಿಯ ಕುಯಿಲು’ ತೆರೆದೆ. ಮುದ್ದಣ್ಣ ಅದೇ ದರ್ಪದಿಂದ ಓಡಾಡುತ್ತಿದ್ದ. ದುರ್ಗ ಬೀಳಲು ಇನ್ನೂ ನೂರು ವರ್ಷಗಳಷ್ಟು ಕಾಲವಿತ್ತು.

ಎಂಟೂ ಸಂಪುಟಗಳು ನನ್ನಲ್ಲಿವೆ. ಮನೆಯ ಮಕ್ಕಳಲ್ಲಿ, ಶಿಷ್ಯರಲ್ಲಿ ಆಸಕ್ತಿಯುಳ್ಳವರು ಬಂದು ಒಯ್ಯಬಹುದು. ಕೊನೆಯದನ್ನು ಓದುವುದೂ ಬಿಡುವುದೂ ನಿಮಗೆ ಸೇರಿದ್ದು.