ತಳವಾರಘಟ್ಟದಲ್ಲಿ ಒಂದು ಗಂಟೆ ಕೂತು ಬನ್ನಿ

2017ರಲ್ಲಿ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಒಂದು ಕಲ್ಲಿನ ರಥವಿದೆ. ಮುಂಬಯಿಯಲ್ಲಿ ವಡಾ-ಪಾವ್ ಕೊಳ್ಳುವಾಗ, ಚೆನ್ನೈಯಲ್ಲಿ ಆಟೋದವನಿಗೆ ಚಿಲ್ಲರೆ ಕೊಡುವಾಗ ಎಷ್ಟೋ ಸಲ ಅದು ನಿಮ್ಮ ಕೈ ದಾಟಿ ಹೋಗಿದೆ. ಅದು ಹಂಪಿಯ ವಿಠ್ಠಲ ದೇವಾಲಯದ ಅಂಗಳದ್ದು ಎಂದು ಅಪ್ಪ-ಅಮ್ಮ ಹೇಳಿಯೂ ಇರಬಹುದು. ರಜೆಯಲ್ಲಿ ಊರಿಗೆ ಹೋದಾಗ ಎರಡು ದಿನ ಹಂಪಿ ನೋಡಿ ಬಂದವರೂ ನಿಮ್ಮಲ್ಲಿ ಹಲವರಿದ್ದೀರಿ. ವಿರೂಪಾಕ್ಷನ ಗುಡಿ, ಉಗ್ರನರಸಿಂಹ, ಕಮಲ ಮಹಲು, ಕಲ್ಲಿನ ರಥ, ಒಂದಷ್ಟು ಫೋಟೋ, ರಾತ್ರಿಯ ಗಾಡಿಗೆ ಹೊಸಪೇಟೆ. ಮುಂದಿನ ಸಲ ಹೋದಾಗ ಒಂದು ಗಂಟೆ ಉಳಿಸಿಕೊಂಡು ತಳವಾರಘಟ್ಟಕ್ಕೆ ಹೋಗಿ, ಹೊಳೆಯ ದಂಡೆಯಲ್ಲಿ ಸುಮ್ಮನೆ ಕೂತು ಬನ್ನಿ. ಅಲ್ಲಿ ನಿಮಗೆ ಕಾಣಬೇಕಾದದ್ದು ಈಗ ಅಲ್ಲಿಲ್ಲದ ಒಂದು ಸೇತುವೆ.

ಕಮಲಾಪುರದಿಂದ ಬರುವ ರಸ್ತೆ ಹಳೆಯ ಕಲ್ಲಿನ ಹೆಬ್ಬಾಗಿಲೊಂದನ್ನು ದಾಟಿ ತುಂಗಭದ್ರೆಯ ನೀರಿಗೆ ಬಂದು ನಿಲ್ಲುತ್ತದೆ. ಎದುರು ದಂಡೆಯೇ ಆನೆಗೊಂದಿ. ಈ ದಂಡೆ ವಿಜಯನಗರ ಜಿಲ್ಲೆ (2021ರವರೆಗೆ ಬಳ್ಳಾರಿ), ಆ ದಂಡೆ ಕೊಪ್ಪಳ ಜಿಲ್ಲೆ. ಆನೆಗೊಂದಿ ವಿಜಯನಗರಕ್ಕಿಂತ ಹಿರಿಯ ಊರು. ಅಲ್ಲಿನವರಿಗೆ ಹಂಪಿ ಎಂದರೆ ಹೊಳೆಯಾಚೆಯ ಮನೆಯಿದ್ದಂತೆ. ಶತಮಾನಗಳ ಕಾಲ ಈ ಎರಡು ದಂಡೆಗಳನ್ನು ಜೋಡಿಸಿದ್ದು ಹರಿಗೋಲು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಒಂದೊಂದರಲ್ಲಿ 15-20 ಜನ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳೂ ಅದರಲ್ಲೇ ದಾಟುತ್ತಿದ್ದವಂತೆ.

ಹಾಗಾದರೆ ಆ ಕಾಲದಲ್ಲಿ ಸೇತುವೆಯೇ ಇರಲಿಲ್ಲವೆ? ಇತ್ತು. ವಿಠ್ಠಲ ದೇವಾಲಯದಿಂದ ಹೊಳೆಗೆ ಇಳಿದು ಪುರಂದರ ಮಂಟಪದ ಹತ್ತಿರ ನಿಂತರೆ ನೀರಿನಲ್ಲಿ ಸಾಲುಸಾಲಾಗಿ ಕಲ್ಲಿನ ಕಂಬಗಳು ಕಾಣುತ್ತವೆ. ಅವು ವಿಜಯನಗರ ಕಾಲದ ಸೇತುವೆಯ ಕಂಬಗಳು. ಮೇಲಿನ ಹಾಸು ಎಂದೋ ಹೋಗಿದೆ. ಸಂಗೀತ ಪಾಠಕ್ಕೆ ಹೋಗುವವರು ಪುರಂದರದಾಸರ ಹೆಸರಿನ ಆ ಮಂಟಪದಲ್ಲಿ ಐದು ನಿಮಿಷ ಕೂರದೆ ಬರಬೇಡಿ. ಹೊಸಪೇಟೆಯ ಅಣೆಕಟ್ಟಿನಿಂದ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟಾಗ ಆ ಮಂಟಪವೇ ಮುಳುಗುತ್ತದೆ.

ಆ ದಿನಗಳಲ್ಲಿ ದೋಣಿಯೂ ನಿಲ್ಲುತ್ತದೆ. ಎದುರಿಗೇ ಕಾಣುವ ದಂಡೆಗೆ ಹೋಗಲು ರಸ್ತೆಯಲ್ಲಿ ಸುತ್ತಿ ಬರಬೇಕಾಗಿದ್ದ ದೂರ ಸುಮಾರು 40 ಕಿ.ಮೀ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು, ಪರೀಕ್ಷೆಗೆ ಹೊರಟ ಹುಡುಗನನ್ನು, ಸಂತೆಗೆ ಬಾಳೆಗೊನೆ ಒಯ್ಯುವ ರೈತನನ್ನು ಮನಸ್ಸಿಗೆ ತಂದುಕೊಳ್ಳಿ. ಸೇತುವೆ ಬೇಕೆಂದವರು ಪರಂಪರೆಯ ವೈರಿಗಳೇನೂ ಆಗಿರಲಿಲ್ಲ. ದೂರದ ನಗರಗಳಲ್ಲಿ ಕೂತ ನಮ್ಮಂಥವರಿಗೆ ಇದು ಬೇಗ ಮರೆತುಹೋಗುತ್ತದೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸುಮಾರು 42 ಚದರ ಕಿ.ಮೀ. ಪ್ರದೇಶ, 1600ಕ್ಕೂ ಹೆಚ್ಚು ಅವಶೇಷಗಳು. ಅದಾಗಿ ಹತ್ತು-ಹನ್ನೆರಡು ವರ್ಷಗಳಲ್ಲಿ ಹೊಳೆಗೆ ಎರಡು ಸೇತುವೆಗಳ ಕೆಲಸ ಶುರುವಾಯಿತು. ಒಂದು ತಳವಾರಘಟ್ಟದಿಂದ ಆನೆಗೊಂದಿಗೆ ವಾಹನ ಹೋಗುವ ದೊಡ್ಡ ಸೇತುವೆ. ಇನ್ನೊಂದು ವಿರೂಪಾಕ್ಷ ದೇವಾಲಯದ ಕಡೆಯಿಂದ ವಿರೂಪಾಪುರ ಗಡ್ಡೆಗೆ ಕಾಲುಸೇತುವೆ. ಈ ಚಿಕ್ಕ ಸೇತುವೆಗಾಗಿ ಹಳೆಯ ಮಂಟಪವೊಂದನ್ನೇ ಬಿಚ್ಚಿ ಬೇರೆಡೆಗೆ ಒಯ್ದರು. 1999ರಲ್ಲಿ ಮೊರಾಕ್ಕೋದ ಮರಾಕೆಶ್‌ನಲ್ಲಿ ಸೇರಿದ್ದ ವಿಶ್ವ ಪರಂಪರೆ ಸಮಿತಿ ಹಂಪಿಯನ್ನು 'ಅಪಾಯದಲ್ಲಿರುವ' ತಾಣಗಳ ಪಟ್ಟಿಗೆ ಹಾಕಿತು. ನಮ್ಮವರಿಗೆ ಅವಮಾನವೆನಿಸಿತು, ಕೆಲವರಿಗೆ ಸಿಟ್ಟೂ ಬಂತು. 'ನಮ್ಮ ಹೊಳೆಗೆ ಸೇತುವೆ ಕಟ್ಟಲು ಮೊರಾಕ್ಕೋದವರ ಅಪ್ಪಣೆ ಬೇಕೆ?' ಎಂದು ಕೇಳಿದವರಿದ್ದರು. ಪಟ್ಟಿಗೆ ಸೇರಿಸಿ ಎಂದು ಅರ್ಜಿ ಹಾಕಿದವರು ನಾವೇ ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ.

ದಂಡೆಯಲ್ಲಿ ಕೂತಾಗ ಒಂದು ಕೆಲಸ ಮಾಡಿ. ಸೇತುವೆಯ ನಕ್ಷೆ ಇನ್ನೂ ಮೇಜಿನ ಮೇಲಿದೆ, ಅಭಿಪ್ರಾಯ ಕೊಡಬೇಕಾದವರು ನೀವೇ ಎಂದುಕೊಳ್ಳಿ. ಸ್ಮಾರಕಗಳ ಅಂತಾರಾಷ್ಟ್ರೀಯ ತಜ್ಞ ಸಂಸ್ಥೆ ಇಕೊಮಾಸ್ 2011ರಲ್ಲಿ ಇಂಥ ಪರಿಣಾಮ ಅಳೆಯುವ ಕ್ರಮವನ್ನು ಬರೆದಿಟ್ಟಿತು. 2022ರಲ್ಲಿ ಅದಕ್ಕಿಂತ ವಿಸ್ತಾರವಾದ ಕೈಪಿಡಿಯೂ ಬಂತು. ಹೆಸರು ದೊಡ್ಡದಾದರೂ ಒಳಗಿನ ಪ್ರಶ್ನೆಗಳು ನಮ್ಮ ಅಜ್ಜಿಯರು ಕೇಳುವಂಥವೇ. ಮೊದಲನೆಯ ಪ್ರಶ್ನೆ: ಈ ಜಾಗ ಯಾಕೆ ದೊಡ್ಡದು? ಗುಡಿಗಳಿಂದ ಮಾತ್ರ ಎನ್ನುತ್ತೀರಾದರೆ ತಲೆಯೆತ್ತಿ ನೋಡಿ. ಬಂಡೆಗಳ ಬೆಟ್ಟ, ಅದರ ಕಾಲಡಿ ಹೊಳೆ, ಹೊಳೆಗೆ ಇಳಿಯುವ ಹೆಬ್ಬಾಗಿಲು. ಶತ್ರುಗಳಿಂದ ಕಾಯಲೆಂದೇ ಹೊಳೆಯನ್ನೂ ಬೆಟ್ಟವನ್ನೂ ಕೋಟೆಯೊಳಗೆ ಹೆಣೆದು ಕಟ್ಟಿದ ರಾಜಧಾನಿ ಇದು. ಹೊಳೆ ಇಲ್ಲಿ ಬರಿಯ ಹಿನ್ನೆಲೆಯಲ್ಲ, ಸ್ಮಾರಕದ್ದೇ ಒಂದು ಅಂಗ. ಹಾಗಿರುವಾಗ ಸೇತುವೆಯ ಎತ್ತರದ ಕಂಬವೆದ್ದರೆ ಯಾವ ಕಲ್ಲಿಗೂ ಪೆಟ್ಟು ಬೀಳದೆ ಇಡೀ ನೋಟ ಕೆಡಬಹುದು.

ಎರಡನೆಯದು, ಸೇತುವೆಯ ಬೆನ್ನಿಗೆ ಏನೇನು ಬರುತ್ತದೆ? ಇದೇ ನಿಜವಾದ ಪ್ರಶ್ನೆ ಎನ್ನುವುದು ನನ್ನ ಎಣಿಕೆ. ಈ ದಂಡೆಗೂ ಆ ದಂಡೆಗೂ ನೇರ ದಾರಿಯಾದರೆ ಲಾರಿಗಳು ಬರುತ್ತವೆ. ಅವು ಹೋಗಬೇಕಾದದ್ದು ಎತ್ತಿನಗಾಡಿ, ಆನೆಗಳಿಗೆಂದು ಕಟ್ಟಿದ ಆ ಹೆಬ್ಬಾಗಿಲಿನ ಮಗ್ಗುಲಲ್ಲೇ. ಲಾರಿಯ ಹಿಂದೆ ಟೀ ಅಂಗಡಿ, ಪಂಕ್ಚರ್ ಅಂಗಡಿ, ಅದರ ಹಿಂದೆ ಲಾಡ್ಜು. ನಕ್ಷೆಯಲ್ಲಿ ಇರುವುದು ಸೇತುವೆ ಒಂದೇ. ನಮ್ಮ ಕಾನೂನು ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಮುಂದಿನ 200 ಮೀಟರ್‌ಗೆ ಅನುಮತಿ ಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಲಾರಿ ಮೀಟರ್ ಲೆಕ್ಕ ನೋಡಿ ಹಾರ್ನ್ ಹೊಡೆಯುವುದಿಲ್ಲ.

ಮೂರನೆಯದು, ಬೇರೆ ದಾರಿ ಉಂಟೆ? ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ, ಹಗುರವಾದ ಸೇತುವೆ, ಒಳ್ಳೆಯ ಯಂತ್ರದೋಣಿ? ಈ ಪ್ರಶ್ನೆಗೆ ಬೆಲೆ ಬರುವುದು ಕಂಬ ನೆಡುವ ಮೊದಲು ಕೇಳಿದಾಗ. ಹಂಪಿಯಲ್ಲಿ ಅದನ್ನು ಗಟ್ಟಿಯಾಗಿ ಕೇಳುವ ಹೊತ್ತಿಗೆ ಕಾಂಕ್ರೀಟು ಗಟ್ಟಿಯಾಗಿತ್ತು. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಮುಂದೆ ಕಾಲುಸೇತುವೆಯನ್ನು ಬಿಚ್ಚಲಾಯಿತು. 2002ರ ಕಾಯಿದೆಯಂತೆ ಹಂಪಿಗೆಂದೇ ಒಂದು ಪ್ರಾಧಿಕಾರ ಬಂತು, 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಆನೆಗೊಂದಿಯ ದೊಡ್ಡ ಸೇತುವೆಯ ಕೆಲಸ ಮಾತ್ರ ನಿಂತು ನಿಂತು ಸಾಗಿ, 2009ರ ಜನವರಿ 22ರಂದು ಕಟ್ಟುತ್ತಿದ್ದಾಗಲೇ ಕುಸಿದುಬಿತ್ತು. ಕಾರ್ಮಿಕರು ಪ್ರಾಣ ಕಳೆದುಕೊಂಡರು. ಹೊಟ್ಟೆಪಾಡಿಗೆ ಬಂದಿದ್ದ ಅವರು ಪರಂಪರೆಯ ಈ ವಾದದಲ್ಲಿ ಯಾರ ಪಕ್ಷದಲ್ಲೂ ಇರಲಿಲ್ಲ. ಸೇತುವೆಯ ಅವಶೇಷಗಳು ಆಮೇಲಿನ ವರ್ಷಗಳಲ್ಲೂ ಹೊಳೆಯಲ್ಲಿ ಕಾಣುತ್ತಿದ್ದವು. ಅದೇ 2009ರಲ್ಲಿ ಜರ್ಮನಿಯ ಡ್ರೆಸ್‌ಡೆನ್ ನಗರದ ಎಲ್ಬೆ ನದಿಯ ಕಣಿವೆಯನ್ನು ಯುನೆಸ್ಕೋ ಪಟ್ಟಿಯಿಂದಲೇ ತೆಗೆದುಹಾಕಿತು, ಅಲ್ಲಿಯೂ ಕಾರಣ ಒಂದು ಸೇತುವೆ. ಡ್ರೆಸ್‌ಡೆನ್ನಿನ ಜನ ಮತ ಹಾಕಿ ಸೇತುವೆಯನ್ನೇ ಬಯಸಿದ್ದರು, 2013ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಯಾರು ಸರಿ ಎಂದು ನಿಮ್ಮ ನಿಮ್ಮಲ್ಲೇ ವಾದಿಸಿಕೊಳ್ಳಿ, ನಮ್ಮ ಯುವಕ ವಿಭಾಗದ ಚರ್ಚಾಕೂಟಕ್ಕೆ ಒಳ್ಳೆಯ ವಿಷಯ.

ಕೈಪಿಡಿಗಳು ಕಲ್ಲನ್ನು ಚೆನ್ನಾಗಿ ಅಳೆಯುತ್ತವೆ. ಮನುಷ್ಯರ ವಿಷಯದಲ್ಲಿ ಅಳತೆ ತಪ್ಪುವುದುಂಟು. 2011ರಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು ಎಬ್ಬಿಸಿ ಮನೆ ಅಂಗಡಿ ಕೆಡವಿದರು, ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಮಂಟಪಗಳು ಉಳಿದವು, ಸರಿ. ಆದರೆ ಬಜಾರು ಎಂದು ಕಟ್ಟಿದ ಬೀದಿಯಲ್ಲಿ ಬಜಾರೇ ಇಲ್ಲದಿರುವುದು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಮಾತು ಬೇರೆ. ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲಿ ಅವನ್ನು ಕೆಡವಿದಾಗ ನನಗಂತೂ ಮರುಕ ಹುಟ್ಟಲಿಲ್ಲ. ಎರಡನ್ನೂ 'ಒತ್ತುವರಿ' ಎಂಬ ಒಂದೇ ಮಾತಿನಲ್ಲಿ ಸುತ್ತಿಬಿಡುವುದು ಮಾತ್ರ ನ್ಯಾಯವಲ್ಲ.

ದಂಡೆಯಲ್ಲಿ ದೋಣಿಯವರು ಸಿಗುತ್ತಾರೆ. 'ಅಣ್ಣಾ, ಹೊಳಿ ದಾಟಸ್ತೀರೇನು?' ಎಂದು ಕೇಳಿ. ನಿಮ್ಮ ಕನ್ನಡದಲ್ಲಿ ಮರಾಠಿಯೋ ತಮಿಳೋ ನುಸುಳಿದರೆ ನಾಚಬೇಡಿ, ಅವರೇನೂ ನಗುವುದಿಲ್ಲ, ಯಾವ ಊರಿನವರೆಂದು ವಿಚಾರಿಸುತ್ತಾರೆ ಅಷ್ಟೆ. ಆಚೆ ಇಳಿದು ರಂಗನಾಥನ ಗುಡಿ, ಗಗನ ಮಹಲು ನೋಡಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ. ಅಲ್ಲೀಗ ಭಕ್ತರ ದಟ್ಟಣೆ ಬಹಳ ಹೆಚ್ಚಿದೆ, ರೋಪ್‌ವೇ ಕಟ್ಟುವ ಮಾತೂ ಎದ್ದಿದೆ. ಮೇಲೆ ನಿಂತು ಆ ಮೂರು ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿಕೊಂಡು ನೋಡಿ. ಮೊಣಕಾಲು ನೋಯುವ ಅಜ್ಜಿಯೊಬ್ಬರು ಪಕ್ಕದಲ್ಲೇ ಏದುಸಿರು ಬಿಡುತ್ತ ಹತ್ತುತ್ತಿದ್ದರೆ ಉತ್ತರ ಇನ್ನಷ್ಟು ಕಷ್ಟವಾಗುತ್ತದೆ.

ವಾಪಸು ಬರುವಾಗ ದೋಣಿ ಬೇಡವೆಂದರೆ ರಸ್ತೆಯಲ್ಲಿ ಕಡೆಬಾಗಿಲಿಗೆ ಬನ್ನಿ. ಹೊಳೆ ಹರಿಯುವ ದಿಕ್ಕಿನಲ್ಲಿ, ತಳವಾರಘಟ್ಟದಿಂದ ಕೆಳಗೆ, ಕಡೆಬಾಗಿಲಿಗೂ ಬುಕ್ಕಸಾಗರಕ್ಕೂ ನಡುವೆ ಈಗ ಒಂದು ಸೇತುವೆ ಇದೆ. ಬಸ್ಸು, ಟ್ರ್ಯಾಕ್ಟರು, ಶಾಲೆಯ ಮಕ್ಕಳು ಎಲ್ಲರೂ ಅದರ ಮೇಲೆ ಓಡಾಡುತ್ತಾರೆ.